ಎರೆಹುಳು ಸತ್ತಿಲ್ಲ, ಸರಿ. ಆದ್ರೆ ಚೆನ್ನಾಗಿದೆಯಾ?

ಇವತ್ತಿನ ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು: ಮಣ್ಣಿಗೆ ಸೇರೋ ಆಂಟಿಬಯೋಟಿಕ್‌ನಿಂದ ಎರೆಹುಳುಗೆ ಏನಾಗುತ್ತೆ? ನಾನು ಓದಿದ್ದು ಎಂಟೆಕ್, ಹೊಟ್ಟೆಪಾಡು ಸಾಫ್ಟ್‌ವೇರ್. ಮಣ್ಣಿನ ವಿಜ್ಞಾನಿ ಅಲ್ಲ. ಈ ವಿಷಯದ ಸಂಶೋಧನಾ ಪ್ರಬಂಧಗಳನ್ನ ಓದಿ ಅರ್ಥ ಮಾಡಿಕೊಂಡಿದ್ದನ್ನ ನಮ್ಮ ಭಾಷೆಯಲ್ಲಿ ಹೇಳ್ತೀನಿ.

ಮೊದಲು ಜಾಗದಿಂದ ಶುರು ಮಾಡೋಣ. ಹೈದರಾಬಾದಿನಲ್ಲಿರೋ ಬೀದರ್, ಕಲಬುರಗಿ ಕಡೆಯವರಿಗೆ ಈ ಜಾಗ ಗೊತ್ತು. ಮಿಯಾಪುರ ದಾಟಿ ಜಹೀರಾಬಾದ್ ಕಡೆ ಹೋಗೋ ಮುಂಬೈ ಹೈವೇಯಲ್ಲಿ ಪಟಾನ್‌ಚೆರು ಸಿಗುತ್ತೆ. ಒಂದು ಕಡೆ ಇಕ್ರಿಸ್ಯಾಟ್, ಅಂದ್ರೆ ಜೋಳ, ತೊಗರಿ, ಕಡಲೆ ಮೇಲೆ ಸಂಶೋಧನೆ ಮಾಡೋ ಅಂತಾರಾಷ್ಟ್ರೀಯ ಸಂಸ್ಥೆ. ಇನ್ನೊಂದು ಕಡೆ ಔಷಧ ಕಾರ್ಖಾನೆಗಳ ಸಾಲು. ನಾವು ನುಂಗೋ ಮಾತ್ರೆಯ ಮೂಲ ಪುಡಿ ತಯಾರಾಗೋದು ಇಂಥ ಕಡೆ. ಭಾರತಕ್ಕಷ್ಟೇ ಅಲ್ಲ, ಯುರೋಪ್, ಅಮೆರಿಕಕ್ಕೂ ಇಲ್ಲಿಂದ ಹೋಗುತ್ತೆ.

2007ರಲ್ಲಿ ಸ್ವೀಡನ್ನಿನ ಯೋಕಿಮ್ ಲಾರ್ಸನ್ ಮತ್ತು ಸಂಗಡಿಗರು ಪಟಾನ್‌ಚೆರುವಿನ ತ್ಯಾಜ್ಯನೀರು ಶುದ್ಧೀಕರಣ ಘಟಕದ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಸುಮಾರು 90 ಔಷಧ ಕಾರ್ಖಾನೆಗಳ ನೀರು ಅಲ್ಲಿಗೆ ಬರ್ತಿತ್ತು. ಗಮನಿಸಿ, ಅವರು ಅಳೆದದ್ದು ಶುದ್ಧೀಕರಿಸಿ ಹೊರಗೆ ಬಿಟ್ಟ ನೀರನ್ನ. ಅದರಲ್ಲಿ ಒಂದು ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೋಫ್ಲಾಕ್ಸಾಸಿನ್ ಇತ್ತು. ಸಿಪ್ರೋ ಮಾತ್ರೆ ತಗೊಂಡ ರೋಗಿಯ ರಕ್ತದಲ್ಲಿ ಇರೋದಕ್ಕಿಂತ ಇದು ಹೆಚ್ಚು. ಲೆಕ್ಕ ಹಾಕಿದಾಗ ದಿನಕ್ಕೆ ಸುಮಾರು 45 ಕಿಲೋ ಸಿಪ್ರೋ ಹಳ್ಳಕ್ಕೆ ಹೋಗ್ತಿತ್ತು. 500 ಮಿಲಿಗ್ರಾಂ ಮಾತ್ರೆ ಲೆಕ್ಕದಲ್ಲಿ ದಿನಕ್ಕೆ 90,000 ಮಾತ್ರೆ. ಇಡೀ ಸ್ವೀಡನ್ ದೇಶ 5 ದಿನದಲ್ಲಿ ಬಳಸುವಷ್ಟು!

ಆ ನೀರು ಇಸಕವಾಗು, ನಕ್ಕವಾಗು ಅನ್ನೋ ಹಳ್ಳಗಳ ಮೂಲಕ ಮಾಂಜ್ರಾ ನದಿ ಸೇರ್ತಿತ್ತು. ಹೌದು, ನಮ್ಮ ಬೀದರ್ ಜಿಲ್ಲೆಯಲ್ಲಿ ಹರಿದು ಬರೋ ಅದೇ ಮಾಂಜ್ರಾ. ಬೀದರ್ ಮೇಲ್ಭಾಗದಲ್ಲಿರೋದ್ರಿಂದ ಈ ನೀರು ಅಲ್ಲಿಗೆ ಬರಲ್ಲ. ಆದ್ರೆ ಹಳ್ಳದ ಅಕ್ಕಪಕ್ಕ ಹೊಲಗಳಿವೆ, ಬಾವಿಗಳಿವೆ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಈ ಪ್ರದೇಶದ ನೀರು, ಹಳ್ಳದ ಕೆಸರು ಮಾತ್ರವಲ್ಲ, ಮಣ್ಣಿನಲ್ಲೂ ಸಿಪ್ರೋ ಗುಂಪಿನ ಔಷಧಗಳು ಮತ್ತು ಆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದ ಜೀನ್‌ಗಳು ಸಿಕ್ಕವು.

ನಮ್ಮ ಕಥೆ ಶುರುವಾಗೋದು ಈ ಮಣ್ಣಿನಿಂದ.

ಔಷಧ ಮಣ್ಣಿಗೆ ಹೇಗೆ ಬರುತ್ತೆ?

ಕಾರ್ಖಾನೆ ಒಂದು ದಾರಿ. ಅದು ಕೆಲವೇ ಜಾಗದಲ್ಲಿ, ಆದ್ರೆ ಭಾರೀ ಪ್ರಮಾಣದಲ್ಲಿ. ಎರಡನೇ ದಾರಿ ಗೊಬ್ಬರ. ಇದು ಎಲ್ಲಾ ಕಡೆ ಇದೆ. ಕೋಳಿಗೆ, ಹಂದಿಗೆ, ದನಕ್ಕೆ ಕೊಟ್ಟ ಆಂಟಿಬಯೋಟಿಕ್ ಪೂರ್ತಿ ಮೈಯಲ್ಲೇ ಕರಗಲ್ಲ. ಔಷಧದ ಮೇಲೆ ಹೋಗುತ್ತೆ, ಆದ್ರೆ ಸಾಮಾನ್ಯವಾಗಿ ಶೇ. 30ರಿಂದ 90ರಷ್ಟು ಸೆಗಣಿ, ಗಂಜಲ, ಹಿಕ್ಕೆಯಲ್ಲಿ ಹಾಗೇ ಹೊರಗೆ ಬರುತ್ತೆ. ಆ ಗೊಬ್ಬರ ಹೊಲಕ್ಕೆ ಹೋಗುತ್ತೆ. ಮೂರನೇ ದಾರಿ ನಾವೇ. ನಮ್ಮ ಅಪಾರ್ಟ್‌ಮೆಂಟಿನ ಕೊಳಚೆ ನೀರು, ಎಸ್‌ಟಿಪಿಯಲ್ಲಿ ಉಳಿಯೋ ಕೆಸರು, ಕಸದ ಬುಟ್ಟಿಗೆ ಎಸೆದ ಅರ್ಧ ಸ್ಟ್ರಿಪ್ ಮಾತ್ರೆ.

ಮಣ್ಣಿಗೆ ಬಂದ ಮೇಲೆ ಎಲ್ಲಾ ಔಷಧಗಳೂ ಒಂದೇ ಥರ ನಡ್ಕೊಳ್ಳಲ್ಲ. ಪೆನ್ಸಿಲಿನ್ ಬೇಗ ಒಡೆದು ಹೋಗುತ್ತೆ. ಸಲ್ಫಾ ಗುಂಪಿನವು ನೀರಿನ ಜೊತೆ ಕೆಳಗೆ ಇಳಿದು ಅಂತರ್ಜಲದ ಕಡೆ ಹೋಗಬಹುದು. ಟೆಟ್ರಾಸೈಕ್ಲಿನ್, ಸಿಪ್ರೋ ಗುಂಪಿನವು ಜೇಡಿಮಣ್ಣಿನ ಕಣಗಳಿಗೆ ಗಟ್ಟಿಯಾಗಿ ಅಂಟಿಕೊಂಡು ತಿಂಗಳುಗಟ್ಟಲೆ ಕೂತಿರುತ್ವೆ. ಅಂಟಿಕೊಂಡ್ರೆ ಒಳ್ಳೇದಲ್ವಾ, ಹರಡಲ್ಲ ಅಂತ ಅನ್ನಿಸಬಹುದು. ಆದ್ರೆ ಆ ಮಣ್ಣನ್ನೇ ತಿನ್ನೋ ಒಂದು ಜೀವಿ ಇದೆ.

ಎರೆಹುಳು ಏನು ಮಾಡುತ್ತೆ?

ಚಾರ್ಲ್ಸ್ ಡಾರ್ವಿನ್ ಕೊನೆಯ ಪುಸ್ತಕ ಬರೆದದ್ದು ಎರೆಹುಳುಗಳ ಮೇಲೆ, 1881ರಲ್ಲಿ. ಇಂಗ್ಲೆಂಡಿನ ಅನೇಕ ಕಡೆ ಒಂದು ಎಕರೆಗೆ ವರ್ಷಕ್ಕೆ 10 ಟನ್ನಿಗಿಂತ ಹೆಚ್ಚು ಒಣಮಣ್ಣು ಎರೆಹುಳುಗಳ ಹೊಟ್ಟೆ ಮೂಲಕ ಹಾದು ಹೋಗುತ್ತೆ ಅಂತ ಅವರು ಲೆಕ್ಕ ಕಟ್ಟಿದ್ದರು. ಎರಡು ಲಾರಿ ಲೋಡ್ ಮಣ್ಣು ಅನ್ಕೊಳ್ಳಿ. ನಮ್ಮಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆ, ಚೆನ್ನೈನಲ್ಲಿ ಡಾ. ಸುಲ್ತಾನ್ ಅಹ್ಮದ್ ಇಸ್ಮಾಯಿಲ್ ಇಂಥವರು ದಶಕಗಳ ಕಾಲ ಕೆಲಸ ಮಾಡಿ ಎರೆಗೊಬ್ಬರವನ್ನ ರೈತರಿಗೆ ಮುಟ್ಟಿಸಿದರು. ರೈತನ ಮಿತ್ರ ಅಂತ ಸ್ಕೂಲಲ್ಲಿ ಓದಿದ್ದೇವೆ, ಅದು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ ಭಾಗ ಇಲ್ಲಿದೆ. ಎರೆಹುಳುಗೆ ಹಲ್ಲಿಲ್ಲ, ಶ್ವಾಸಕೋಶ ಇಲ್ಲ. ಚರ್ಮದಿಂದಲೇ ಉಸಿರಾಡುತ್ತೆ, ಅದಕ್ಕೇ ಮೈ ಯಾವಾಗಲೂ ಒದ್ದೆ ಇರಬೇಕು. ಅಂದ್ರೆ ಮಣ್ಣಿನಲ್ಲಿರೋ ರಾಸಾಯನಿಕ ಬಾಯಿಂದಲೂ ಒಳಗೆ ಹೋಗುತ್ತೆ, ಚರ್ಮದಿಂದಲೂ ಹೋಗುತ್ತೆ. ಇನ್ನು ಜೀರ್ಣ ಮಾಡೋ ಕೆಲಸದಲ್ಲಿ ದೊಡ್ಡ ಪಾಲು ಬ್ಯಾಕ್ಟೀರಿಯಾದ್ದು. ಮಣ್ಣಲ್ಲಿ ಬಹುಪಾಲು ಬ್ಯಾಕ್ಟೀರಿಯಾ ಆಹಾರ ಇಲ್ಲದೆ ನಿದ್ದೆಯಲ್ಲಿರುತ್ವೆ. ಹುಳು ಮಣ್ಣು ನುಂಗಿದಾಗ ಅದಕ್ಕೆ ನೀರು, ಲೋಳೆ ಸೇರಿಸುತ್ತೆ. ಒದ್ದೆಯಾಗಿ, ಆಕ್ಸಿಜನ್ ಇಲ್ಲದ ಜಾಗ. ಅಲ್ಲಿ ಬ್ಯಾಕ್ಟೀರಿಯಾ ಎದ್ದು ಕೂತು ಕೆಲಸ ಶುರು ಮಾಡುತ್ವೆ, ಎಲೆಪುಡಿ, ಕಸಕಡ್ಡಿ ಒಡೆಯುತ್ವೆ, ಹುಳುಗೆ ಊಟ ಸಿಗುತ್ತೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಎರೆಹುಳು ಬ್ಯಾಕ್ಟೀರಿಯಾಗಳು ಕೆಲಸ ಮಾಡೋ ಒಂದು ಪ್ಲಾಟ್‌ಫಾರ್ಮ್. ಈಗ ಆಂಟಿಬಯೋಟಿಕ್ ಕೆಲಸ ಏನು? ಬ್ಯಾಕ್ಟೀರಿಯಾ ಕೊಲ್ಲೋದು, ಇಲ್ಲಾ ಬೆಳೆಯದ ಹಾಗೆ ತಡೆಯೋದು. ಹುಳುಗೆ ನೇರವಾಗಿ ವಿಷ ಆಗದಿದ್ದರೂ ಅದರ ಒಳಗಿನ ಕೆಲಸಗಾರರಿಗೆ ಪೆಟ್ಟು ಬೀಳುತ್ತೆ.

ಪಿಂಗ್ ಟೆಸ್ಟ್ ಪಾಸ್

ಒಂದು ರಾಸಾಯನಿಕ ಎರೆಹುಳುಗೆ ಅಪಾಯವಾ ಇಲ್ವಾ ಅಂತ ನೋಡೋಕೆ ಅಂತಾರಾಷ್ಟ್ರೀಯ ಪರೀಕ್ಷೆ ಇದೆ. ಒಇಸಿಡಿ 207, 1984ರಿಂದ ಇದೆ. ಮರಳು, ಬಿಳಿ ಜೇಡಿ, ಕೊಳೆತ ಪಾಚಿ ಸೇರಿಸಿ ಕೃತಕ ಮಣ್ಣು ಮಾಡ್ತಾರೆ, ರಾಸಾಯನಿಕ ಬೆರೆಸ್ತಾರೆ, ಹುಳು ಬಿಡ್ತಾರೆ, 14 ದಿನ ಕಾಯ್ತಾರೆ. ಮುಖ್ಯವಾಗಿ ಎಣಿಸೋದು ಒಂದೇ: ಎಷ್ಟು ಸತ್ತವು?

ಈ ಪರೀಕ್ಷೆಯಲ್ಲಿ ಆಂಟಿಬಯೋಟಿಕ್‌ಗಳು ಸಾಮಾನ್ಯವಾಗಿ ಸುಲಭವಾಗಿ ಪಾಸಾಗುತ್ವೆ. 2000ದಲ್ಲಿ ಡೆನ್ಮಾರ್ಕಿನಲ್ಲಿ ಆಕ್ಸಿಟೆಟ್ರಾಸೈಕ್ಲಿನ್, ಟೈಲೋಸಿನ್ ಅನ್ನೋ ಎರಡು ಪಶು ಔಷಧಗಳನ್ನ ಎರೆಹುಳು ಮತ್ತು ಬೇರೆ ಮಣ್ಣಿನ ಜೀವಿಗಳ ಮೇಲೆ ಪ್ರಯೋಗಿಸಿದರು. ಹೊಲದ ಮಣ್ಣಲ್ಲಿ ನಿಜಕ್ಕೂ ಸಿಗುವಂಥ ಪ್ರಮಾಣದಲ್ಲಿ ಪರಿಣಾಮ ಕಾಣಲಿಲ್ಲ. ಎರೆಹುಳುಗೆ ತೊಂದರೆ ಆಗಬೇಕಾದ್ರೆ ಕಿಲೋ ಮಣ್ಣಿಗೆ ಸಾವಿರಗಟ್ಟಲೆ ಮಿಲಿಗ್ರಾಂ ಹಾಕಬೇಕಿತ್ತು. ಗೊಬ್ಬರ ಹಾಕಿದ ಹೊಲದಲ್ಲಿ ಸಿಗೋದು ಮೈಕ್ರೋಗ್ರಾಂನಿಂದ ಕೆಲವು ಮಿಲಿಗ್ರಾಂ ತನಕ.

ಇದು ಸುಳ್ಳು ಫಲಿತಾಂಶ ಅಲ್ಲ, ಪೂರ್ತಿ ನಿಜ. ಯಾರಾದ್ರೂ ವಾಟ್ಸಾಪಲ್ಲಿ ಆಂಟಿಬಯೋಟಿಕ್‌ನಿಂದ ಎರೆಹುಳುಗಳೆಲ್ಲಾ ಸಾಯ್ತಿವೆ ಅಂತ ಫಾರ್ವರ್ಡ್ ಮಾಡಿದ್ರೆ ನಂಬಬೇಡಿ.

ಆದ್ರೆ ಒಂದು ಪ್ರಶ್ನೆ ಕೇಳ್ತೀನಿ. ಪ್ರೊಡಕ್ಷನ್ ಸರ್ವರ್‌ಗೆ ಪಿಂಗ್ ಮಾಡ್ತೀರಿ, ಉತ್ತರ ಬರುತ್ತೆ. ಅಷ್ಟಕ್ಕೇ ಅಪ್ಲಿಕೇಶನ್ ಸರಿ ಇದೆ ಅಂತ ಬರೆದು ಕೊಡ್ತೀರಾ? ಡೇಟಾಬೇಸ್ ಕೈಕೊಟ್ಟಿರಬಹುದು, ಕ್ಯೂ ತುಂಬಿ ಕೂತಿರಬಹುದು, ಗ್ರಾಹಕರಿಗೆ ಪೇಮೆಂಟ್ ಆಗದೆ ಇರಬಹುದು. ಪಿಂಗ್ ಮಾತ್ರ ಹಸಿರು. 14 ದಿನಕ್ಕೆ ಹುಳು ಸತ್ತಿಲ್ಲ ಅನ್ನೋದು ಈ ಪಿಂಗ್ ಥರದ್ದು.

ಒಳಗೆ ಇಣುಕಿದ್ರೆ

ಸರಿ, ಬೇರೆ ಮಾನಿಟರಿಂಗ್ ಏನಿದೆ? ವಿಜ್ಞಾನಿಗಳ ಹತ್ತಿರ ಮೂರು ನಾಲ್ಕು ಒಳ್ಳೆ ಸಾಧನಗಳಿವೆ.

ಒಂದು, ತಪ್ಪಿಸಿಕೊಳ್ಳೋ ಪರೀಕ್ಷೆ. ಡಬ್ಬಿಯ ಒಂದು ಅರ್ಧಕ್ಕೆ ಚೊಕ್ಕ ಮಣ್ಣು, ಇನ್ನೊಂದಕ್ಕೆ ಅನುಮಾನದ ಮಣ್ಣು ಹಾಕಿ, ನಡುವಿನ ಗೆರೆ ಮೇಲೆ 10 ಹುಳು ಬಿಡಬೇಕು. 48 ಗಂಟೆ ಆದ ಮೇಲೆ ಎಲ್ಲಿವೆ ಅಂತ ಎಣಿಸಬೇಕು. 8ಕ್ಕಿಂತ ಹೆಚ್ಚು ಹುಳು ಚೊಕ್ಕ ಕಡೆ ಇದ್ರೆ ಆ ಇನ್ನೊಂದು ಮಣ್ಣು ವಾಸಕ್ಕೆ ಯೋಗ್ಯವಲ್ಲ ಅಂತ ಲೆಕ್ಕ. ಹುಳು ಸಾಯೋ ಪ್ರಮಾಣಕ್ಕಿಂತ ಎಷ್ಟೋ ಕಡಿಮೆ ಇದ್ದಾಗಲೇ ಇಲ್ಲಿ ಸೂಚನೆ ಸಿಗಬಹುದು.

ಎರಡು, ಮರಿಗಳ ಲೆಕ್ಕ. ಒಇಸಿಡಿ 222 ಅನ್ನೋ ಪರೀಕ್ಷೆ 8 ವಾರ ನಡೆಯುತ್ತೆ. ದೊಡ್ಡ ಹುಳು ಬದುಕಿದೆಯಾ ಅನ್ನೋದರ ಜೊತೆಗೆ ಎಷ್ಟು ಮರಿ ಬಂದವು ಅಂತ ನೋಡ್ತಾರೆ. ಹೊಲಕ್ಕೆ ಮುಖ್ಯವಾಗಿರೋದು ಇದೇ. ಇವತ್ತಿನ ಹುಳು ಬದುಕಿದ್ದು ಮರಿ ಕಡಿಮೆ ಆದ್ರೆ ಕೆಲವು ವರ್ಷದಲ್ಲಿ ಹೊಲ ಖಾಲಿ.

ಮೂರು, ಜೀವಕೋಶದ ಮಟ್ಟ. ಚೀನಾದಲ್ಲಿ ಟೆಟ್ರಾಸೈಕ್ಲಿನ್, ಕ್ಲೋರ್‌ಟೆಟ್ರಾಸೈಕ್ಲಿನ್ ಬೆರೆಸಿದ ಮಣ್ಣಲ್ಲಿ ಬಿಟ್ಟ ಹುಳುಗಳನ್ನ ಪರೀಕ್ಷಿಸಿದಾಗ ಹೊರಗಿನಿಂದ ಆರಾಮಾಗಿದ್ದ ಹುಳುಗಳ ಡಿಎನ್‌ಎಯಲ್ಲಿ ಹಾನಿ ಕಂಡಿತು. ವಿಷವನ್ನ ಎದುರಿಸೋ ಕಿಣ್ವಗಳ ಮಟ್ಟವೂ ಏರುಪೇರಾಗಿತ್ತು. ಅಂದ್ರೆ ಹುಳು ಬದುಕ್ತಿದೆ, ಆದ್ರೆ ಬೆಳೆಯೋಕೆ ಇರೋ ಶಕ್ತಿಯನ್ನ ರಿಪೇರಿಗೆ ಖರ್ಚು ಮಾಡ್ತಿದೆ.

ನಾಲ್ಕನೇದು ನನಗೆ ತುಂಬಾ ಇಷ್ಟವಾದ ಉದಾಹರಣೆ. ಎರೆಹುಳುಗೆ ನಮ್ಮ ಕಿಡ್ನಿ ಥರ ಕೆಲಸ ಮಾಡೋ ಸಣ್ಣ ನಳಿಕೆಗಳಿವೆ. ಅದರೊಳಗೆ ವರ್ಮಿನೆಫ್ರೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ವಾಸ ಮಾಡುತ್ತೆ. ತಾಯಿಹುಳು ಮೊಟ್ಟೆಗಳಿರೋ ಚೀಲದೊಳಗೇ ಇದನ್ನ ಹಾಕಿ ಮುಂದಿನ ಪೀಳಿಗೆಗೆ ದಾಟಿಸುತ್ತೆ. ತವರಿಂದ ಹೆಪ್ಪು ತಂದ ಹಾಗೆ! ಈ ಬ್ಯಾಕ್ಟೀರಿಯಾದ ಉಪಯೋಗ ಏನು ಅಂತ ತಿಳಿಯೋಕೆ ವಿಜ್ಞಾನಿಗಳು ಅದು ಇಲ್ಲದ ಹುಳುಗಳನ್ನ ತಯಾರು ಮಾಡಬೇಕಿತ್ತು. ಹೇಗೆ ಮಾಡಿದರು ಗೊತ್ತಾ? ಮೊಟ್ಟೆಚೀಲಗಳಿಗೆ ಆಂಟಿಬಯೋಟಿಕ್ ಕೊಟ್ಟು. ಆಮೇಲೆ ಹೋಲಿಸಿ ನೋಡಿದಾಗ, ಒಳ್ಳೆ ಮೇವು ಇದ್ದಾಗ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ. ಮೇವು ಸಪ್ಪೆಯಾದಾಗ ಈ ಬ್ಯಾಕ್ಟೀರಿಯಾ ಇಲ್ಲದ ಹುಳುಗಳು ಸಂತಾನದಲ್ಲಿ ಹಿಂದೆ ಬಿದ್ದವು.

ಇದು ಲ್ಯಾಬಿನಲ್ಲಿ ಬೇಕಂತಲೇ ಕೊಟ್ಟ ಡೋಸ್, ಹೊಲದಲ್ಲಿ ಹೀಗೇ ಆಗುತ್ತೆ ಅಂತಲ್ಲ. ಆದ್ರೆ ಪರೀಕ್ಷೆಯ ಡಬ್ಬಿಯಲ್ಲಿ ಹುಳುಗೆ ಹೊಟ್ಟೆ ತುಂಬಾ ಊಟ ಇರುತ್ತೆ. ನಮ್ಮ ಒಣ ಬೇಸಾಯದ ಹೊಲದಲ್ಲಿ ಇರಲ್ಲ. ಕಷ್ಟಕಾಲಕ್ಕೆ ಆಗೋ ಸ್ನೇಹಿತರು ಹೋದ್ರೆ ನಷ್ಟ ಗೊತ್ತಾಗೋದು ಕಷ್ಟಕಾಲದಲ್ಲೇ.

ಇನ್ನೂ ಒಂದು ವಿಷಯ. ಈ ಪರೀಕ್ಷೆಗಳಲ್ಲಿ ಬಹುಪಾಲು ನಡೆಯೋದು ಐಸೀನಿಯಾ ಫೆಟಿಡಾ ಅನ್ನೋ ಕೆಂಪು ಹುಳು ಮೇಲೆ. ಅದು ಗೊಬ್ಬರದ ತೊಟ್ಟಿಯ ಹುಳು, ಮೂಲ ನಮ್ಮ ದೇಶದ್ದಲ್ಲ. ದಕ್ಷಿಣ ಭಾರತದ ಹೊಲಗಳಲ್ಲಿ ಮಣ್ಣು ತಿಂದು ಬದುಕೋ ಲ್ಯಾಂಪಿಟೋ ಮಾರಿಷಿಯೈ ಥರದ ನಾಡಹುಳುಗಳ ಜೀವನವೇ ಬೇರೆ. ಸ್ಟೇಜಿಂಗ್‌ನಲ್ಲಿ ಪಾಸಾದದ್ದು ಪ್ರೊಡಕ್ಷನ್‌ನಲ್ಲೂ ಹಾಗೇ ನಡೆಯುತ್ತೆ ಅನ್ನೋ ಗ್ಯಾರಂಟಿ ಇಲ್ಲ. ನಮಗಿದು ಹೊಸದಾಗಿ ಹೇಳಬೇಕಾಗಿಲ್ಲ.

ಹುಳುವಿನ ಹೊಟ್ಟೆಯಿಂದ ನಮ್ಮ ಮನೆಗೆ

ಈಗ ಎಲ್ಲರ ಮನಸ್ಸಲ್ಲಿರೋ ಪ್ರಶ್ನೆ: ಎರೆಹುಳು ಬಗ್ಗೆ ನಾವ್ಯಾಕೆ ತಲೆ ಕೆಡಿಸ್ಕೋಬೇಕು?

ಸ್ವಲ್ಪ ಔಷಧ ಇರೋ ಮಣ್ಣಲ್ಲಿ ಬ್ಯಾಕ್ಟೀರಿಯಾ ಎಲ್ಲಾ ಸಾಯಲ್ಲ. ಔಷಧಕ್ಕೆ ಬಗ್ಗದವು ಉಳಿಯುತ್ವೆ, ಹೆಚ್ಚುತ್ವೆ. ಆ ಬಗ್ಗದ ಗುಣ ಒಂದು ಜೀನ್. ಬ್ಯಾಕ್ಟೀರಿಯಾಗಳು ಇಂಥ ಜೀನ್‌ಗಳನ್ನ ಪ್ಲಾಸ್ಮಿಡ್ ಅನ್ನೋ ಸಣ್ಣ ಡಿಎನ್‌ಎ ಉಂಗುರದಲ್ಲಿ ಹಾಕಿ ಪಕ್ಕದವರಿಗೆ ಕೊಡಬಲ್ಲವು, ಬೇರೆ ಜಾತಿಯವಕ್ಕೂ. ಪೆನ್‌ಡ್ರೈವ್ ಕೈ ಬದಲಾಯಿಸಿದ ಹಾಗೆ. ಬ್ಯಾಕ್ಟೀರಿಯಾ ದಟ್ಟವಾಗಿ, ಚುರುಕಾಗಿ ಒಟ್ಟಿಗಿರೋ ಜಾಗದಲ್ಲಿ ಈ ಹಂಚಿಕೆ ಸುಲಭ. ಎರೆಹುಳುವಿನ ಕರುಳು ಅಂಥ ಜಾಗ. ಅಲ್ಲದೆ ಹುಳು ಮೇಲಿನ ಮಣ್ಣನ್ನ ಕೆಳಗೆ, ಕೆಳಗಿನದನ್ನ ಮೇಲೆ ಸಾಗಿಸುತ್ತೆ.

ಹಾಗಾದ್ರೆ ಎರೆಹುಳು ವಿಲನ್ನಾ? ಇಲ್ಲಿ ಕಥೆ ತಿರುಗುತ್ತೆ. ಚೀನಾದ ಬೇರೆ ಬೇರೆ ಕಡೆಯ ಮಣ್ಣು ಮತ್ತು ಅಲ್ಲಿನ ಎರೆಹುಳುಗಳನ್ನ ಹೋಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹುಳುವಿನ ಕರುಳಲ್ಲಿ ಈ ಜೀನ್‌ಗಳು ಸುತ್ತಲಿನ ಮಣ್ಣಿಗಿಂತ ಕಡಿಮೆ. ಕೊಳಚೆ ಕೆಸರನ್ನ ಎರೆಗೊಬ್ಬರ ಮಾಡಿದಾಗಲೂ ಹಲವು ಪ್ರಯೋಗಗಳಲ್ಲಿ ಈ ಜೀನ್‌ಗಳು ಇಳಿದಿವೆ. ಎಲ್ಲಾ ಜೀನ್ ಅಲ್ಲ, ಎಲ್ಲಾ ಸಲವೂ ಅಲ್ಲ. ಆದ್ರೆ ಆರೋಗ್ಯವಾಗಿರೋ ಎರೆಹುಳು ಒಂದು ಮಟ್ಟಿಗೆ ಜರಡಿ ಹಿಡಿಯೋ ಕೆಲಸ ಮಾಡುತ್ತೆ ಅಂತ ಇದರ ಅರ್ಥ.

ಈ ಮಾತಿನ ಸಾರ ಇಷ್ಟೇ. ಎರೆಹುಳು ನಮ್ಮ ಮಣ್ಣನ್ನ ಸ್ವಚ್ಛ ಮಾಡೋದು ತನ್ನ ಕರುಳಿನ ಬ್ಯಾಕ್ಟೀರಿಯಾಗಳ ಸಹಾಯದಿಂದ. ನಾವು ಮಣ್ಣಿಗೆ ಬಿಡ್ತಿರೋದು ಆ ಬ್ಯಾಕ್ಟೀರಿಯಾಗಳನ್ನೇ ಕೆಡಿಸೋ ವಸ್ತು. ಹುಳು ಸಾಯೋ ತನಕ ಕಾದು ಆಮೇಲೆ ಎಚ್ಚರ ಆದ್ರೆ ತಡವಾಗಿರುತ್ತೆ.

ಇದು ದೂರದ ಭಯವೂ ಅಲ್ಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ, ಅಂದ್ರೆ ಸಿಎಸ್‌ಇ, 2017ರಲ್ಲಿ ಉತ್ತರ ಪ್ರದೇಶ, ಹರಿಯಾಣ, ರಾಜಸ್ಥಾನ, ಪಂಜಾಬಿನ 12 ಕೋಳಿ ಫಾರಂಗಳ ವರದಿ ಪ್ರಕಟಿಸಿತು. ಕೋಳಿ ಹಿಕ್ಕೆಯಲ್ಲಿ ಹಲವು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸಿಕ್ಕವು. ಆ ಗೊಬ್ಬರ ಬೀಳೋ ಅಕ್ಕಪಕ್ಕದ ಹೊಲದ ಮಣ್ಣಲ್ಲೂ ಅದೇ ಥರದವು ಸಿಕ್ಕವು. 2019ರಲ್ಲಿ ಜಗತ್ತಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ನೇರ ಕಾರಣವಾಗಿ ಸತ್ತವರು ಸುಮಾರು 12.7 ಲಕ್ಷ ಜನ ಅಂತ ಲ್ಯಾನ್ಸೆಟ್ ಪತ್ರಿಕೆಯ ಅಂದಾಜು. ಅದಕ್ಕೆ ಮಣ್ಣೊಂದೇ ಕಾರಣ ಅಲ್ಲ, ಆಸ್ಪತ್ರೆ ಇದೆ, ಡಾಕ್ಟರ ಚೀಟಿ ಇಲ್ಲದೆ ನುಂಗೋ ಮಾತ್ರೆ ಇದೆ. ಆದ್ರೆ ಮಣ್ಣು ಈ ಸರಪಳಿಯ ಒಂದು ಕೊಂಡಿ.

ಕಾನೂನು ಏನು ಹೇಳುತ್ತೆ?

2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಕರಡು ಹೊರಡಿಸಿತು. ಔಷಧ ಕಾರ್ಖಾನೆಗಳ ತ್ಯಾಜ್ಯನೀರಿನಲ್ಲಿ 121 ಆಂಟಿಬಯೋಟಿಕ್‌ಗಳಿಗೆ ಮಿತಿ ಅದರಲ್ಲಿತ್ತು. 2021ರ ಆಗಸ್ಟಿನಲ್ಲಿ ಅಂತಿಮ ನಿಯಮ ಬಂದಾಗ ಆ ಮಿತಿಗಳು ಇರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಂಟಿಬಯೋಟಿಕ್ ಕಾರ್ಖಾನೆಗಳ ತ್ಯಾಜ್ಯಕ್ಕೆ ಮಾರ್ಗಸೂಚಿ ಕೊಟ್ಟಿದೆ, ಆದ್ರೆ ಅದು ಸಲಹೆ, ಕಾನೂನಲ್ಲ. ಒಳ್ಳೆ ಉದಾಹರಣೆಯೂ ಇದೆ: ಕೊಲಿಸ್ಟಿನ್ ಅನ್ನೋ ಕೊನೇ ಹಂತದ ಔಷಧವನ್ನ ಕೋಳಿ, ಪಶುಗಳಿಗೆ ಬಳಸಬಾರದು ಅಂತ 2019ರಲ್ಲಿ ಭಾರತ ನಿಷೇಧ ಹಾಕಿತು. ಮನಸ್ಸು ಮಾಡಿದ್ರೆ ಆಗುತ್ತೆ.

ಮಿತಿ ಯಾಕೆ ಮುಖ್ಯ ಅಂದ್ರೆ, ಮಿತಿ ಇಲ್ಲದಿದ್ದರೆ ಅಳೆಯೋ ಬಾಧ್ಯತೆ ಯಾರಿಗೂ ಇರಲ್ಲ. ಅಲರ್ಟ್ ಸೆಟ್ ಮಾಡದ ಸಿಸ್ಟಮ್‌ನಲ್ಲಿ ಅಲರ್ಟ್ ಬರೋದೇ ಇಲ್ಲ. ಅದನ್ನ ನೋಡಿ ಎಲ್ಲಾ ಸರಿ ಇದೆ ಅನ್ಕೊಳ್ಳೋದು ನಮ್ಮ ವೃತ್ತಿಯಲ್ಲಿ ಯಾರೂ ಒಪ್ಪಲ್ಲ.

ನಾವು ಏನು ಮಾಡಬಹುದು?

ಮೊದಲನೇದು, ಉಳಿದ ಆಂಟಿಬಯೋಟಿಕ್ ಮಾತ್ರೆ, ಸಿರಪ್ ಟಾಯ್ಲೆಟ್‌ಗೆ ಹಾಕಬೇಡಿ, ಹಸಿ ಕಸಕ್ಕಂತೂ ಬೇಡವೇ ಬೇಡ. ಹಸಿ ಕಸ ನೇರ ಗೊಬ್ಬರಕ್ಕೆ ಹೋಗುತ್ತೆ. ಮನೆಯ ಅಪಾಯಕಾರಿ ಕಸದ ಜೊತೆ ಬೇರೆಯಾಗಿ ಕೊಡಿ. ಡಾಕ್ಟರು ಬರೆಯದೆ ಮಾತ್ರೆ ಕೊಳ್ಳಬೇಡಿ, ಬರೆದ ಕೋರ್ಸನ್ನ ಅವರು ಹೇಳಿದ ಹಾಗೆ ತಗೊಳ್ಳಿ. ಉಳಿಯೋದೇ ಕಡಿಮೆ ಆಗುತ್ತೆ.

ಎರಡನೇದು, ಬಾಲ್ಕನಿಯಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಎರೆಗೊಬ್ಬರ ಮಾಡೋರು ಹಸಿ ಕೋಳಿ ಗೊಬ್ಬರವನ್ನ ನೇರ ಹುಳುಗಳ ತೊಟ್ಟಿಗೆ ಹಾಕಬೇಡಿ. ಅಮೋನಿಯಾದಿಂದಲೇ ಹುಳು ಸಾಯಬಹುದು. ಮೊದಲು ಗುಡ್ಡೆ ಹಾಕಿ, ಬಿಸಿ ಏರಿ, ಕೆಲವು ವಾರ ಕಳಿಯಲಿ. ಆ ಬಿಸಿಯಲ್ಲಿ ಟೆಟ್ರಾಸೈಕ್ಲಿನ್, ಸಲ್ಫಾ ಥರದ ಔಷಧಗಳು ಸಾಕಷ್ಟು ಒಡೆಯುತ್ವೆ. ಸಿಪ್ರೋ ಗುಂಪು ಮಾತ್ರ ಹಠಮಾರಿ.

ಮೂರನೇದು, ಊರಲ್ಲಿ ಅಪ್ಪ ಅಮ್ಮ ದನ ಸಾಕ್ತಿದ್ರೆ ಫೋನಲ್ಲಿ ಹೇಳಿ. ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಟ್ಟ ಹಸುವಿನ ಹಾಲನ್ನ ಪಶುವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕಲ್ಲ ಅಲ್ವಾ? ಅದೇ ದಿನಗಳ ಸೆಗಣಿಯನ್ನೂ ಎರೆಹುಳು ತೊಟ್ಟಿಗೆ ಹಾಕದೆ ತಿಪ್ಪೆಯಲ್ಲಿ ಬೇರೆ ಇಟ್ಟು ಕಳಿಸಲಿ.

ನಾಲ್ಕನೇದು ಮಕ್ಕಳಿಗೆ. ಆಗಲೇ ಹೇಳಿದ 48 ಗಂಟೆಯ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಔಷಧ ಬೆರೆಸೋದು ಬೇಡ. ಎರಡು ಕಡೆಯಿಂದ ಕೊಂಡ ಗೊಬ್ಬರವನ್ನ ಎರಡು ಅರ್ಧಕ್ಕೆ ಹಾಕಿ, ತೇವ ಒಂದೇ ಇರಲಿ, ಮೇಲೆ ಗಾಳಿಯಾಡೋ ಮುಚ್ಚಳ ಹಾಕಿ, 10 ಹುಳು ಬಿಟ್ಟು ಎರಡು ದಿನ ಬಿಟ್ಟು ಎಣಿಸಿ. ಕಾರಣ ಆಂಟಿಬಯೋಟಿಕ್ಕೇ ಅಂತ ಇದರಿಂದ ಹೇಳೋಕಾಗಲ್ಲ. ಯಾವ ಗೊಬ್ಬರ ಹುಳುಗೆ ಒಗ್ಗಲ್ಲ ಅಂತ ಹುಳುವೇ ಹೇಳುತ್ತೆ.

ಕೊನೇದು. ಪರಿಸರ ನಿಯಮಗಳ ಕರಡು ಬಂದಾಗ ಸಾರ್ವಜನಿಕರಿಂದ ಆಕ್ಷೇಪಣೆ, ಸಲಹೆಗೆ 60 ದಿನ ಸಮಯ ಇರುತ್ತೆ. ಇಮೇಲ್ ಕಳಿಸಿದ್ರೆ ಸಾಕು. ಔಷಧ ಕಾರ್ಖಾನೆಗಳ ನಿಯಮ ಮತ್ತೆ ತಿದ್ದುಪಡಿಗೆ ಬಂದಾಗ, 121 ಔಷಧಗಳ ಮಿತಿ ವಾಪಸ್ ಸೇರಿಸಿ ಅಂತ ನಾಲ್ಕು ಸಾಲು ಬರೆಯೋದು ನಮ್ಮ ಕೈಲಿ ಆಗೋ ಕೆಲಸ. ನಾವಿರೋ ಊರುಗಳಲ್ಲೇ ಈ ಕಾರ್ಖಾನೆಗಳಿವೆ, ನಾವು ನುಂಗೋ ಮಾತ್ರೆ ಅಲ್ಲಿಂದಲೇ ಬರುತ್ತೆ. ಕೇಳೋ ಹಕ್ಕು ನಮಗಿದೆ.

ಊರಲ್ಲಿ ಗೊಬ್ಬರ, ದನಕರು ನೋಡ್ಕೊಳ್ಳೋರು ನಿಮ್ಮ ಮನೇಲಿ ಯಾರಿದ್ದಾರೋ ಅವರಿಗೆ ಈ ವಿಡಿಯೋ ಕಳಿಸಿ. ಅವರ ಅನುಭವ ಏನು ಅಂತ ಕೇಳಿ ನಮಗೂ ತಿಳಿಸಿ.